ತೊಕ್ಕೊಟ್ಟಿಗೆ ಒಂದು ಟಿಕೆಟ್: ಒಂಬತ್ತು ತಿಂಗಳ ಅನುಭವ

ಕಳೆದ ಸೋಮವಾರ ಬೆಳಿಗ್ಗೆ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ತಲಪಾಡಿಗೆ ಹೊರಟ ಬಸ್ಸಿನಲ್ಲಿ ಹಿಂದಿನ ಬಾಗಿಲ ಬಳಿ ನಿಂತಿದ್ದೆ. ಜ್ಯೋತಿ ಸ್ಟಾಪಿನಲ್ಲಿ ಹತ್ತಿದ ಕಾಲೇಜು ಹುಡುಗಿಯೊಬ್ಬಳು ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಕೈಯಲ್ಲಿ ಮೊಬೈಲ್ ತೆಗೆದು, ಹೆಬ್ಬೆರಳಿನಿಂದಲೇ ತೊಕ್ಕೊಟ್ಟಿಗೆ ಟಿಕೆಟ್ ಮಾಡಿದಳು. ಕಂಡಕ್ಟರ್ ಕೈಯಲ್ಲಿದ್ದ ಮೆಷಿನ್ ಒಮ್ಮೆ ಬೀಪ್ ಎಂದಿತು. ಅವರು ಅವಳತ್ತ ನೋಡಿ ತಲೆಯಾಡಿಸಿ ಮುಂದಿನ ಸೀಟಿಗೆ ಹೋದರು. ಆ ಹುಡುಗಿಗೆ ನಾನು ಯಾರೆಂದು ಗೊತ್ತಿಲ್ಲ. ಅವಳು ಒತ್ತಿದ ಆ ಗುಂಡಿ ಅಲ್ಲಿಗೆ ಬರಲು ನಮಗೆ ಒಂಬತ್ತು ತಿಂಗಳು ಹಿಡಿಯಿತು.

ನಾನು ಆ್ಯಪ್‌ಗಳ ಡಿಸೈನರ್. ನಮ್ಮದು ನಾಲ್ಕು ಜನರ ಸಣ್ಣ ಸಂಸ್ಥೆ. ಮಂಗಳೂರಿನ ಸಿಟಿ ಬಸ್ಸುಗಳಲ್ಲಿ ಹೆಚ್ಚಿನವು ಖಾಸಗಿಯವರವು. ಅಂಥ ಹನ್ನೊಂದು ಮಾಲೀಕರು ಸೇರಿ ಇಪ್ಪತ್ತಾರು ಬಸ್ಸುಗಳ ಸಮಯ ತೋರಿಸುವ ಆ್ಯಪ್ ಒಂದನ್ನು ನಮ್ಮಿಂದ ಮಾಡಿಸಿದ್ದರು. ಅದರಲ್ಲೇ ಟಿಕೆಟ್ಟೂ ಸಿಗುವಂತೆ ಮಾಡಿ ಎಂದು ಕಳೆದ ಜೂನ್‌ನಲ್ಲಿ ಕೇಳಿದರು. ಎರಡು ತಿಂಗಳ ಕೆಲಸ ಎಂದು ಒಪ್ಪಿಕೊಂಡೆವು. ಉಡುಪಿಯಿಂದಲೂ ಶಿವಮೊಗ್ಗದಿಂದಲೂ ಇದೇ ಕೆಲಸಕ್ಕೆ ಇಳಿದಿರುವ ಇಬ್ಬರು ಈಗ ನನ್ನನ್ನು ವಿಚಾರಿಸುತ್ತಿದ್ದಾರೆ. ನಾವು ಎಡವಿದ ಜಾಗಗಳನ್ನು ಅವರಿಗೂ, ಅವರಂಥ ಬೇರೆಯವರಿಗೂ ತೋರಿಸಿಬಿಡೋಣ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲ ಮೂರು ವಾರ ಆಫೀಸಿನಲ್ಲೇ ಕೂತು ಪರದೆಗಳನ್ನು ಬಿಡಿಸಿದೆ. ಎಲ್ಲಿಂದ, ಎಲ್ಲಿಗೆ, ಎಷ್ಟು ಜನ, ಹಣ, ಕ್ಯೂಆರ್ ಕೋಡ್. ಕಂಡಕ್ಟರ್ ಬಂದು ಕ್ಯೂಆರ್ ಸ್ಕ್ಯಾನ್ ಮಾಡುತ್ತಾರೆ ಎಂಬುದು ನನ್ನ ಲೆಕ್ಕ. ಮೆಟ್ರೋ ಗೇಟಿನಲ್ಲಿ ಹಾಗೆಯೇ ನಡೆಯುತ್ತದಲ್ಲ! ಪ್ರಿಂಟ್ ತೆಗೆದು ಒಬ್ಬ ಹಿರಿಯ ಕಂಡಕ್ಟರ್‌ಗೆ ತೋರಿಸಿದೆ. ಇಪ್ಪತ್ತು ವರ್ಷಕ್ಕೂ ಮೇಲೆ ಇದೇ ಲೈನಿನಲ್ಲಿ ದುಡಿದವರು. ಕನ್ನಡಕ ಹಾಕಿಕೊಂಡು ಎಲ್ಲ ಹಾಳೆಗಳನ್ನೂ ನಿಧಾನವಾಗಿ ನೋಡಿದರು.

"ಮೇಡಂ, ಚಂದ ಉಂಟು. ಆದ್ರೆ ಇದನ್ನು ನಾನು ಸ್ಕ್ಯಾನ್ ಮಾಡುವುದು ಯಾವಾಗ? ಪಂಪ್‌ವೆಲ್‌ನಲ್ಲಿ ಮೂವತ್ತು ಜನ ಹತ್ತುತ್ತಾರೆ. ಎಕ್ಕೂರು ಬರುವುದರೊಳಗೆ ಎಲ್ಲರ ಟಿಕೆಟ್ ಆಗ್ಬೇಕು. ನನ್ನ ಒಂದು ಕೈಯಲ್ಲಿ ದುಡ್ಡು, ಒಂದು ಕೈಯಲ್ಲಿ ಮೆಷಿನ್. ಅವರ ಮೊಬೈಲ್ ಹಿಡಿಯುವವರು ಯಾರು?"

ಮೆಟ್ರೋದಲ್ಲಿ ಗೇಟು ನಿಂತಿರುತ್ತದೆ, ಜನ ಅದರ ಹತ್ತಿರ ಬರುತ್ತಾರೆ. ಬಸ್ಸಿನಲ್ಲಿ ಗೇಟೇ ಜನರ ನಡುವೆ ನುಸುಳಿಕೊಂಡು ಓಡಾಡಬೇಕು. ಇದು ನನಗೆ ಹೊಳೆದದ್ದು ಆ ದಿನವೇ. ಮೂರು ವಾರದ ಹಾಳೆಗಳನ್ನು ಬದಿಗಿಟ್ಟು ಎರಡು ವಾರ ಬಸ್ಸಿನಲ್ಲೇ ಓಡಾಡಿದೆ. ನೀವು ಈ ಕೆಲಸಕ್ಕೆ ಇಳಿಯುವುದಾದರೆ ಇಲ್ಲಿಂದಲೇ ಶುರು ಮಾಡಿ, ಅದೂ ಬೆಳಿಗ್ಗೆ ಎಂಟರಿಂದ ಒಂಬತ್ತೂವರೆಯ ಟ್ರಿಪ್ಪುಗಳಲ್ಲಿ. ಮಧ್ಯಾಹ್ನದ ಖಾಲಿ ಬಸ್ಸು ಏನನ್ನೂ ಕಲಿಸುವುದಿಲ್ಲ.

ಜೂನ್ ಎಂದರೆ ನಮ್ಮಲ್ಲಿ ಮಳೆ ಎಂದು ಬೇರೆ ಹೇಳಬೇಕಿಲ್ಲ. ಕಿಟಕಿಗಳೆಲ್ಲ ಮುಚ್ಚಿ, ಬಸ್ಸಿನೊಳಗೆ ಕತ್ತಲು, ಕೊಡೆಗಳಿಂದ ನೀರು ಇಳಿಯುತ್ತಿರುತ್ತದೆ. ಒದ್ದೆ ಬೆರಳಿಗೆ ಪರದೆ ಸ್ಪಂದಿಸುವುದಿಲ್ಲ, ಅಥವಾ ಒತ್ತದ ಜಾಗ ತಾನೇ ಒತ್ತಿಹೋಗುತ್ತದೆ. ನಾನು ಮೇಲ್ಗಡೆ ಇಟ್ಟಿದ್ದ "ಎಲ್ಲಿಗೆ" ಪೆಟ್ಟಿಗೆ, ಒಂದು ಕೈಯಲ್ಲಿ ಕಂಬಿ ಹಿಡಿದವರ ಹೆಬ್ಬೆರಳಿಗೆ ಎಟಕುತ್ತಲೇ ಇರಲಿಲ್ಲ. ಎಲ್ಲ ಗುಂಡಿಗಳೂ ಪರದೆಯ ಕೆಳಗಿನ ಅರ್ಧಕ್ಕೆ ಬಂದವು, ದೊಡ್ಡವಾದವು, ನಡುವೆ ಅಂತರ ಹೆಚ್ಚಿತು.

ನೋಡನೋಡುತ್ತ ಕೆಲವನ್ನು ಆ್ಯಪ್‌ನಿಂದ ಕೈಬಿಟ್ಟೆವು. ಮಕ್ಕಳಿಗೆ ಅರ್ಧ ಟಿಕೆಟ್ಟೋ ಪೂರ್ತಿಯೋ ಎಂಬುದನ್ನು ಕಂಡಕ್ಟರ್ ಮಗುವನ್ನು ನೋಡಿ ಹೇಳುತ್ತಾರೆ. ಮೀನಿನ ಬುಟ್ಟಿಗೆ ಎಷ್ಟು ಲಗೇಜು ಎಂಬುದನ್ನೂ ಕಣ್ಣಳತೆಯಲ್ಲೇ ತೀರ್ಮಾನಿಸುತ್ತಾರೆ. ವಿದ್ಯಾರ್ಥಿಗಳ ರಿಯಾಯಿತಿಗೆ ಐಡಿ ಕಾರ್ಡ್ ನೋಡಬೇಕು. ಇವೆಲ್ಲ ಮನುಷ್ಯರು ಮನುಷ್ಯರನ್ನು ನೋಡಿ ಮಾಡುವ ನಿರ್ಧಾರಗಳು, ಇವನ್ನು ಫಾರ್ಮಿಗೆ ಇಳಿಸಲು ಹೋಗಬಾರದು ಎಂದು ತೀರ್ಮಾನಿಸಿದೆವು. ಪೂರ್ತಿ ದರದ ಟಿಕೆಟ್ ಮಾತ್ರ ಆ್ಯಪ್‌ನಲ್ಲಿ, ಉಳಿದದ್ದು ಕಂಡಕ್ಟರ್ ಬಳಿ.

ಇನ್ನೊಂದು ವಿಷಯ ನಮ್ಮ ಕಡೆಗೆ ವಿಶೇಷವಾದದ್ದು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಟಿಕೆಟ್ ಹಣ ಇಲ್ಲ. ಖಾಸಗಿ ಬಸ್ಸಿಗೆ ಅದು ಅನ್ವಯಿಸುವುದಿಲ್ಲ. ಹಾಸನ, ಹುಬ್ಬಳ್ಳಿ ಕಡೆಯಿಂದ ಓದಲು ಬಂದ ಹುಡುಗಿಯರಿಗೆ ಮೊದಲ ವಾರ ಇದು ಗೊತ್ತಿರುವುದಿಲ್ಲ. ಟಿಕೆಟ್ ಮಾಡಿದ ಮೇಲೆ ಹಣ ವಾಪಸು ಕೇಳುತ್ತಾರೆ ಎಂದು ಕಂಡಕ್ಟರ್‌ಗಳು ಮೊದಲೇ ಎಚ್ಚರಿಸಿದ್ದರು. ಹಣ ಕೊಡುವ ಗುಂಡಿಯ ಮೇಲೆಯೇ "ಇದು ಖಾಸಗಿ ಬಸ್ಸು, ಶಕ್ತಿ ಟಿಕೆಟ್ ಇಲ್ಲ" ಎಂಬ ಒಂದು ಸಾಲು ಹಾಕಿದೆವು. ಆ ಸಾಲಿನ ಬಗ್ಗೆ ಮಾಲೀಕರಲ್ಲಿ ಕೆಲವರಿಗೆ ಸಮಾಧಾನ ಇರಲಿಲ್ಲ, ಜನ ಇಳಿದು ಸರ್ಕಾರಿ ಬಸ್ಸು ಹತ್ತುತ್ತಾರೆ ಎಂಬ ಭಯ. ಹೇಳದೆ ಹಣ ತೆಗೆದುಕೊಳ್ಳುವುದು ಸರಿಯಲ್ಲ ಎಂದು ನಾನು ಪಟ್ಟು ಹಿಡಿದೆ. ಸಾಲು ಉಳಿಯಿತು.

ದರಪಟ್ಟಿಯ ಕೆಲಸ ಮೂರೇ ದಿನದ್ದು ಅಂದುಕೊಂಡಿದ್ದೆವು, ಒಂದು ತಿಂಗಳು ತಿಂದಿತು. ಬಸ್ಸಿನ ದರಪಟ್ಟಿ ತ್ರಿಕೋನಾಕಾರದಲ್ಲಿರುತ್ತದೆ. ಮೇಲಿಂದ ಕೆಳಗೆ ಸ್ಟೇಜುಗಳ, ಅಂದರೆ ದರ ಬದಲಾಗುವ ಜಾಗಗಳ ಹೆಸರು, ಪ್ರತಿ ಸ್ಟೇಜಿನಿಂದ ಪ್ರತಿ ಸ್ಟೇಜಿಗೆ ದರ. ನಮಗೆ ಸಿಕ್ಕಿದ್ದು ಫೋಟೊಕಾಪಿಯ ಫೋಟೊಕಾಪಿ. ಸ್ಟೇಜು ಬೇರೆ, ಬಸ್ಸು ನಿಲ್ಲುವ ಸ್ಟಾಪು ಬೇರೆ. ಎರಡು ಸ್ಟೇಜುಗಳ ನಡುವೆ ನಾಲ್ಕು ಸ್ಟಾಪು ಇರಬಹುದು. ಅಲ್ಲಿ ಹತ್ತಿದವರಿಗೆ ಯಾವ ಸ್ಟೇಜಿನ ದರ ಎಂಬುದು ಕಾಗದದ ಮೇಲಿಲ್ಲ, ಕಂಡಕ್ಟರ್‌ಗಳ ತಲೆಯಲ್ಲಿದೆ. ಅವರ ಪಕ್ಕದಲ್ಲಿ ಕೂತು ಒಂದೊಂದೇ ಸ್ಟಾಪಿಗೆ ಕೇಳಿ ಬರೆದುಕೊಂಡೆವು. ಇಬ್ಬರು ಕಂಡಕ್ಟರ್‌ಗಳು ಎರಡು ರೀತಿ ಹೇಳಿದ ಕಡೆ ಮಾಲೀಕರನ್ನು ಕೂರಿಸಿ ಒಂದು ತೀರ್ಮಾನ ಬರೆಸಿಕೊಂಡು ಸಹಿ ಹಾಕಿಸಿದೆವು. ಈ ಸಹಿ ಬಿಡಬೇಡಿ. ಮುಂದೆ ಆ್ಯಪ್‌ನ ದರ, ಕಂಡಕ್ಟರ್‌ನ ದರ ಒಂದು ರೂಪಾಯಿ ಹೆಚ್ಚುಕಡಿಮೆಯಾದರೂ ಬಸ್ಸಿನಲ್ಲಿ ಜಗಳವಾಗುವುದು, ನಿಮ್ಮ ಬಳಿ ಆ ಕಾಗದ ಇಲ್ಲದಿದ್ದರೆ ತಪ್ಪು ನಿಮ್ಮ ತಲೆಗೆ ಬರುವುದು.

ಊರುಗಳ ಹೆಸರು ಮತ್ತೊಂದು ಪಾಡು. ಕನ್ನಡದಲ್ಲಿ ಬರೆದರೆ ಒಂದೇ ರೂಪ. ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುವವರು ತೊಕ್ಕೊಟ್ಟಿಗೆ ಒಂದು "ಕೆ" ಹಾಕುತ್ತಾರೆ, ಎರಡು ಹಾಕುತ್ತಾರೆ, "ಟಿ" ಜೊತೆ "ಎಚ್" ಸೇರಿಸುತ್ತಾರೆ. ಸುರತ್ಕಲ್, ಕಂಕನಾಡಿಗಳದ್ದೂ ಇದೇ ಕತೆ. ಇಲ್ಲಿಯವರು ತುಳು, ಕನ್ನಡ, ಕೊಂಕಣಿ, ಬ್ಯಾರಿ, ಮಲಯಾಳ ಎಲ್ಲ ಆಡುವವರು. ಒಂದೇ ನಗರಕ್ಕೆ ಕುಡ್ಲ, ಮಂಗಳೂರು, ಕೊಡಿಯಾಲ್, ಮೈಕಾಲ ಎನ್ನುವ ಊರಿದು. ಪ್ರತಿ ಸ್ಟಾಪಿಗೂ ಜನ ಬರೆಯುವ ಎಲ್ಲ ರೂಪಗಳ ಪಟ್ಟಿ ಮಾಡಿ ಹುಡುಕಾಟಕ್ಕೆ ಸೇರಿಸಿದೆವು. ಕೊನೆಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಹುಡುಕಾಟವೇ ಅಲ್ಲ. ನೀವು ನಿನ್ನೆ, ಮೊನ್ನೆ ಹೋದ ಎರಡು ಜಾಗಗಳನ್ನು ಆ್ಯಪ್ ತೆರೆದ ಕೂಡಲೇ ತೋರಿಸುವುದು. ದಿನಾ ಹೋಗುವವರು ದಿನಾ ಅಲ್ಲಿಗೇ ಹೋಗುತ್ತಾರೆ.

ಇನ್ನು ನನಗೆ ಬಹಳ ನೋವಾದ ಒಂದು ಸಂಗತಿ. ಆ್ಯಪ್‌ನ ಮೊದಲ ಪ್ರತಿಯನ್ನು ಒಂದು ಅಗ್ಗದ ಫೋನಿನಲ್ಲಿ ಹಾಕಿ ಅದೇ ಹಿರಿಯ ಕಂಡಕ್ಟರ್ ಅಣ್ಣನ ಕೈಗೆ ಕೊಟ್ಟೆ. ಅವರು ಪರದೆ ನೋಡಿ "ಇದು ಯಾವ ಊರು ಮೇಡಂ?" ಎಂದರು. ನೋಡಿದರೆ ಗುಂಡಿಯ ಮೇಲೆ "ತೊಕೊಟು" ಎಂದಿತ್ತು. ಒತ್ತಕ್ಷರಗಳೆಲ್ಲ ಕೆಳಗೆ ಕತ್ತರಿಸಿಹೋಗಿದ್ದವು. ಹಂಪನಕಟ್ಟೆ "ಹಂಪನಕಟೆ" ಆಗಿತ್ತು. ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಅಳೆದು ಮಾಡಿದ ಗುಂಡಿಯೊಳಗೆ ಕನ್ನಡದ ಒತ್ತು ಹಿಡಿಯುವುದಿಲ್ಲ. ನನ್ನ ದೊಡ್ಡ ಮಾನಿಟರ್‌ನಲ್ಲಿ, ಬೇರೆ ಫಾಂಟಿನಲ್ಲಿ, ಇದು ಕಂಡಿರಲೇ ಇಲ್ಲ. ನಾನು ಕನ್ನಡ ಶಾಲೆಯಲ್ಲಿ ಓದಿದವಳು, ನನ್ನ ಭಾಷೆಯನ್ನು ನಾನೇ ಹೀಗೆ ಕತ್ತರಿಸಿ ಕೊಟ್ಟೆನಲ್ಲ ಎಂದು ಆ ರಾತ್ರಿ ನಿದ್ದೆ ಬರಲಿಲ್ಲ. ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ ಒಂದೂಮುಕ್ಕಾಲು ಪಟ್ಟಿಗೆ ಏರಿಸಿ, ಫಾಂಟನ್ನು ಆ್ಯಪ್‌ನ ಜೊತೆಯಲ್ಲೇ ಕಟ್ಟಿ ಕಳಿಸಿದ ಮೇಲೆ ಸರಿಹೋಯಿತು. ಕನ್ನಡದಲ್ಲಿ ಆ್ಯಪ್ ಮಾಡುವ ಯಾರೇ ಆಗಲಿ ಪರೀಕ್ಷೆಗೆ "ತೊಕ್ಕೊಟ್ಟು" ಎಂದು ಒಮ್ಮೆ ಬರೆದು ನೋಡಿ. ಅಲ್ಲಿ ಸರಿ ಕಂಡರೆ ಹೆಚ್ಚುಕಡಿಮೆ ಎಲ್ಲ ಕಡೆಯೂ ಸರಿ ಕಾಣುತ್ತದೆ.

ಪದಗಳನ್ನು ತಿದ್ದಿದ್ದು ನನ್ನ ಅಮ್ಮ. ಪುತ್ತೂರಿನಿಂದ ಬಂದಿದ್ದಾಗ ಅವರ ಕೈಗೆ ಫೋನ್ ಕೊಟ್ಟು ಟಿಕೆಟ್ ಮಾಡಲು ಹೇಳಿದೆ. "ಮುಂದುವರಿಯಿರಿ" ಎಂಬ ಗುಂಡಿ ಬಂದಾಗ ನಿಂತುಬಿಟ್ಟರು. "ಎಲ್ಲಿಗೆ ಮುಂದುವರಿಯುವುದು? ಒತ್ತಿದ್ರೆ ದುಡ್ಡು ಹೋಗ್ತದಾ?" ಎಂದು ಕೇಳಿದರು. ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆ. ಆ ಗುಂಡಿ ಈಗ "15 ರೂಪಾಯಿ ಕೊಟ್ಟು ಟಿಕೆಟ್ ಮಾಡಿ" ಎನ್ನುತ್ತದೆ. ಎಷ್ಟು ದರವೋ ಅಷ್ಟು ಅಲ್ಲೇ ಇರುತ್ತದೆ. "ಖರೀದಿಸಿ", "ಪಾವತಿಸಿ" ಎಲ್ಲ ಹೋದವು. ಬಸ್ಸಿನಲ್ಲಿ ಯಾರೂ ಟಿಕೆಟ್ ಖರೀದಿಸುವುದಿಲ್ಲ, ಟಿಕೆಟ್ ಮಾಡುತ್ತಾರೆ.

ಆಗಸ್ಟ್‌ನಲ್ಲಿ ಕಾಗದಪತ್ರಗಳ ಕಾಲ ಶುರುವಾಯಿತು. ಹಣ ಪಡೆಯಲು ಪೇಮೆಂಟ್ ಗೇಟ್‌ವೇ ಬೇಕು. ಅಂದರೆ ಜನ ಕೊಟ್ಟ ಹಣವನ್ನು ಖಾತೆಗೆ ತಲುಪಿಸುವ ಕಂಪನಿ. ಅವರು ನಮ್ಮ ಪ್ಯಾನ್, ಜಿಎಸ್‌ಟಿ ಪ್ರಮಾಣಪತ್ರ, ಪಾಲುದಾರಿಕೆ ಪತ್ರ, ರದ್ದು ಮಾಡಿದ ಚೆಕ್ಕು, ವಿಳಾಸದ ದಾಖಲೆ ಕೇಳಿದರು. ಜೊತೆಗೆ ವೆಬ್‌ಸೈಟಿನಲ್ಲಿ ನಿಯಮಗಳು, ಹಣ ವಾಪಸಾತಿಯ ನೀತಿ, ಸಂಪರ್ಕದ ವಿವರ ಇರಲೇಬೇಕು ಎಂದರು. ನಮ್ಮದಿಷ್ಟು ಎರಡು ವಾರದಲ್ಲಿ ಮುಗಿಯಿತು. ತೊಡಕಾದದ್ದು ಮಾಲೀಕರದ್ದು. ಟಿಕೆಟ್ ಹಣ ಆಯಾ ಬಸ್ಸಿನ ಮಾಲೀಕರ ಖಾತೆಗೇ ನೇರವಾಗಿ ಹೋಗಬೇಕು, ಹಾಗಾಗಿ ಹನ್ನೊಂದು ಮಂದಿಯದ್ದೂ ಕೆವೈಸಿ ಆಗಬೇಕು. ಒಬ್ಬರ ಬಸ್ಸು ಪತ್ನಿಯ ಹೆಸರಿನಲ್ಲಿ, ಖಾತೆ ತಮ್ಮ ಹೆಸರಿನಲ್ಲಿ. ಒಬ್ಬರ ಪರ್ಮಿಟ್ ತೀರಿಹೋದ ತಂದೆಯ ಹೆಸರಿನಲ್ಲೇ ಇತ್ತು, ವರ್ಗಾವಣೆಯ ಅರ್ಜಿ ನಡೆಯುತ್ತಿತ್ತು. ಒಬ್ಬೊಬ್ಬರ ಮನೆಗೂ ಹೋಗಿ, ಕಾಗದ ಕೂಡಿಸಿ, ಅಪ್‌ಲೋಡ್ ಮಾಡಿ ಮುಗಿಸುವಾಗ ದಸರಾ ಬಂದಿತ್ತು. ನೀವಾದರೆ ಡಿಸೈನ್ ಶುರುವಾದ ದಿನವೇ ಈ ಕೆಲಸ ಶುರು ಮಾಡಿ. ಪರದೆಗಳು ಕಾಯಬಲ್ಲವು, ಕೆವೈಸಿ ಕಾಯಿಸುತ್ತದೆ.

ಅದರ ನಡುವೆ ನಮ್ಮ ಲೆಕ್ಕಪರಿಶೋಧಕರು ಒಂದು ಮಾತು ಹೇಳಿದರು, ಅದು ಎಲ್ಲರನ್ನೂ ದಂಗುಬಡಿಸಿತು. ಎಸಿ ಇಲ್ಲದ ಸ್ಟೇಜ್ ಕ್ಯಾರಿಯೇಜ್ (ದಾರಿಯುದ್ದಕ್ಕೂ ಜನರನ್ನು ಹತ್ತಿಸಿ ಇಳಿಸುವ) ಬಸ್ಸಿನ ಪ್ರಯಾಣಕ್ಕೆ ಜಿಎಸ್‌ಟಿ ಇಲ್ಲ. ಆದರೆ ಅದೇ ಟಿಕೆಟ್ಟನ್ನು ಬೇರೊಬ್ಬರ ಇ-ಕಾಮರ್ಸ್ ವೇದಿಕೆಯ ಮೂಲಕ ಮಾರಿದರೆ 2022ರ ಜನವರಿ 1ರಿಂದ ಆ ವಿನಾಯಿತಿ ಅನ್ವಯಿಸುವುದಿಲ್ಲ. ಶೇಕಡಾ 5 ತೆರಿಗೆ ಬೀಳುತ್ತದೆ, ಅದನ್ನು ಕಟ್ಟುವ ಹೊಣೆ ವೇದಿಕೆ ನಡೆಸುವವರದ್ದು. ಆಟೋ, ಬಸ್ಸುಗಳ ಆನ್‌ಲೈನ್ ಬುಕಿಂಗ್ ಮೇಲಿನ ಈ ತೆರಿಗೆಯನ್ನು ದೆಹಲಿ ಹೈಕೋರ್ಟ್ 2023ರಲ್ಲಿ ಎತ್ತಿಹಿಡಿದಿದೆ. ಅಂದರೆ ಕಂಡಕ್ಟರ್ ಕೈಗೆ ಹದಿನೈದು ರೂಪಾಯಿ ಕೊಟ್ಟರೆ ತೆರಿಗೆ ಇಲ್ಲ, ನಮ್ಮ ಆ್ಯಪ್‌ನಲ್ಲಿ ಕೊಟ್ಟರೆ ಎಪ್ಪತ್ತೈದು ಪೈಸೆ.

ಮಾಲೀಕರ ಸಭೆಯಲ್ಲಿ ಒಬ್ಬರು ಎದ್ದು ನಿಂತರು. "ಎಂಥ ಲೆಕ್ಕ ಮಾರ್ರೆ ಇದು? ಬಸ್ಸು ಅದೇ, ಸೀಟು ಅದೇ. ದುಡ್ಡು ಮೊಬೈಲಲ್ಲಿ ಬಂದ್ರೆ ತೆರಿಗೆ ಯಾಕೆ?" ನನ್ನ ಬಳಿ ಉತ್ತರ ಇರಲಿಲ್ಲ. ಆ ತೆರಿಗೆಯನ್ನು ಪ್ರಯಾಣಿಕರ ಮೇಲೆ ಹಾಕುವುದು ಬೇಡ ಎಂಬುದರಲ್ಲಿ ಮಾತ್ರ ನಾನು ಗಟ್ಟಿಯಾಗಿದ್ದೆ. ಚಿಲ್ಲರೆಯ ಕಾಟ ತಪ್ಪಲಿ ಎಂದು ಜನ ಮೊಬೈಲಿಗೆ ಬರುವವರು, ಅವರಿಗೆ ಕಂಡಕ್ಟರ್ ದರಕ್ಕಿಂತ ಒಂದು ಪೈಸೆ ಹೆಚ್ಚಾದರೂ ಎರಡನೇ ದಿನ ಯಾರೂ ಬರುವುದಿಲ್ಲ. ಮೂರು ಸಭೆಗಳಾದವು. ಕೊನೆಗೆ ದರದೊಳಗೇ ತೆರಿಗೆ ಸೇರಿದೆ ಎಂದು ಮಾಡಿ, ಆ ಹೊರೆಯಲ್ಲಿ ಮುಕ್ಕಾಲು ಪಾಲು ಮಾಲೀಕರು, ಕಾಲು ಪಾಲು ನಾವು ಹೊರುವುದೆಂದು ಒಪ್ಪಂದವಾಯಿತು. ನಿಮ್ಮ ವ್ಯವಸ್ಥೆ ಬೇರೆ ರೀತಿ ಇರಬಹುದು. ಬಸ್ಸಿನ ಮಾಲೀಕರೇ ಸ್ವಂತ ಆ್ಯಪ್ ನಡೆಸುವುದಕ್ಕೂ ಮೂರನೆಯವರು ನಡೆಸುವುದಕ್ಕೂ ಲೆಕ್ಕ ಬೇರೆ. ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಲೆಕ್ಕಪರಿಶೋಧಕರನ್ನು ಕೂರಿಸಿಕೊಂಡು ಕೇಳಿ.

ಒಟಿಪಿಯ ಕತೆ ಚಿಕ್ಕದು, ಆದರೆ ಹದಿನೆಂಟು ದಿನ ಹೋಯಿತು. ನಮ್ಮ ದೇಶದಲ್ಲಿ ಕಂಪನಿಗಳು ಎಸ್‌ಎಂಎಸ್ ಕಳಿಸಬೇಕಾದರೆ ಟೆಲಿಕಾಂ ಕಂಪನಿಗಳ ಡಿಎಲ್‌ಟಿ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಳ್ಳಬೇಕು. ನಮಗೆ ತೆರಿಗೆ ಸೇರಿ 5,900 ರೂಪಾಯಿ ಆಯಿತು. ಆಮೇಲೆ ಕಳಿಸುವವರ ಹೆಸರಿನ ಒಪ್ಪಿಗೆ, ಸಂದೇಶದ ಮಾದರಿಯ ಒಪ್ಪಿಗೆ. ಒಪ್ಪಿಗೆಯಾದ ಮಾದರಿಗೂ ಕಳಿಸುವ ಸಂದೇಶಕ್ಕೂ ಒಂದು ಪದ ವ್ಯತ್ಯಾಸವಾದರೂ ಅದು ತಲುಪುವುದಿಲ್ಲ. ಕನ್ನಡದಲ್ಲಿ ಕಳಿಸುವುದೇ ಸರಿ ಎಂದುಕೊಂಡಿದ್ದ ನಮಗೆ ಇನ್ನೊಂದು ಪಾಠವಾಯಿತು. ಇಂಗ್ಲಿಷಿನಲ್ಲಿ ಒಂದು ಎಸ್‌ಎಂಎಸ್‌ಗೆ 160 ಅಕ್ಷರ, ಕನ್ನಡದಲ್ಲಿ 70 ಮಾತ್ರ. ಅದರಲ್ಲೂ ಗುಣಿತ, ಒತ್ತು, ಅರ್ಧಾಕ್ಷರದ ಗುರುತು ಎಲ್ಲವೂ ಬೇರೆ ಬೇರೆಯಾಗಿ ಎಣಿಕೆಯಾಗುತ್ತವೆ. "ತೊಕ್ಕೊಟ್ಟು" ಕಣ್ಣಿಗೆ ಮೂರು ಅಕ್ಷರ, ಆ ಲೆಕ್ಕದಲ್ಲಿ ಹತ್ತು. ಎಪ್ಪತ್ತು ದಾಟಿದರೆ ಎರಡು ಎಸ್‌ಎಂಎಸ್‌ನ ದುಡ್ಡು. ನಾಲ್ಕು ಬಾರಿ ತಿದ್ದಿ, ಒಂದೇ ಒಂದು ವಾಕ್ಯಕ್ಕೆ ಇಳಿಸಿದೆವು. ಕನ್ನಡ ಬಿಡಲಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಟಿಕೆಟ್ ನಿಜವೋ ಸುಳ್ಳೋ ಎಂದು ಕಂಡಕ್ಟರ್‌ಗೆ ಗೊತ್ತಾಗುವುದು ಹೇಗೆ?

ಮೊದಲು ಟಿಕೆಟ್ಟಿನ ಪರದೆಯ ಮೇಲೆ ಓಡುವ ಗಡಿಯಾರ, ಗಂಟೆಗೊಮ್ಮೆ ಬದಲಾಗುವ ಬಣ್ಣ ಇಟ್ಟೆವು. ಕಂಡಕ್ಟರ್ ದೂರದಿಂದಲೇ ಬಣ್ಣ ನೋಡಿ ತಿಳಿಯಲಿ ಎಂದು. ನಮ್ಮ ಪಕ್ಕದ ಮನೆಯ ಕಾಲೇಜು ಹುಡುಗರಿಗೆ ಇದನ್ನು ಕೊಟ್ಟು, ಮೋಸ ಮಾಡಲು ಸಾಧ್ಯವಾ ನೋಡಿ ಎಂದೆ. ಐದು ನಿಮಿಷದಲ್ಲಿ ಸ್ಕ್ರೀನ್‌ಶಾಟ್ ಬಂತು. ಗಡಿಯಾರ ನಿಂತಿದ್ದರಿಂದ ಅದು ಸಿಕ್ಕಿಬಿತ್ತು. ಅರ್ಧ ಗಂಟೆಯಲ್ಲಿ ಒಬ್ಬ ಪರದೆಯ ವಿಡಿಯೋ ರೆಕಾರ್ಡ್ ಮಾಡಿ ಗೆಳೆಯನಿಗೆ ಕಳಿಸಿದ. ಗಡಿಯಾರ ಓಡುತ್ತಿತ್ತು, ಬಣ್ಣ ಸರಿ ಇತ್ತು. ತುಂಬಿದ ಬಸ್ಸಿನಲ್ಲಿ ಅದನ್ನು ಹಿಡಿಯಲು ಯಾರಿಂದಲೂ ಆಗುವುದಿಲ್ಲ.

ಅಷ್ಟರಲ್ಲಿ ಕಂಡಕ್ಟರ್ ಅಣ್ಣ ನಾನು ಯೋಚಿಸಿಯೇ ಇರದ ಒಂದು ಪ್ರಶ್ನೆ ಎತ್ತಿದರು. ರಾತ್ರಿ ಬಸ್ಸು ನಿಲ್ಲಿಸಿದ ಮೇಲೆ ಅವರು ಮಾಲೀಕರಿಗೆ ಲೆಕ್ಕ ಒಪ್ಪಿಸುತ್ತಾರೆ. ಟಿಕೆಟ್ ಎಷ್ಟಾಯಿತು, ಡೀಸೆಲ್‌ಗೆ ಎಷ್ಟು ಹೋಯಿತು, ಕೈಯಲ್ಲಿ ಎಷ್ಟಿದೆ. ಕಲೆಕ್ಷನ್ ಮೇಲೆ ಅವರ ಆ ದಿನದ ದುಡಿಮೆ ನಿಂತಿರುತ್ತದೆ. "ನಿಮ್ಮ ಆ್ಯಪಿನವರು ಕೂತದ್ದು ನನ್ನ ಬಸ್ಸಲ್ಲೇ ಅಲ್ವಾ ಮೇಡಂ? ಆ ದುಡ್ಡು ಸೀದಾ ಧಣಿಗಳ ಖಾತೆಗೆ ಹೋದ್ರೆ ನನ್ನ ಕಲೆಕ್ಷನ್ ಕಮ್ಮಿ ಕಾಣ್ತದೆ. ನಾನು ಟಿಕೆಟ್ ಕೊಡ್ಲಿಲ್ಲ ಅಂತ ಆಗ್ತದೆ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಆದರೆ ನಾಲ್ಕು ತಿಂಗಳು ಪ್ರಯಾಣಿಕರ ಪರದೆಯನ್ನೇ ತಿದ್ದುತ್ತಿದ್ದ ನಾವು ಅವರ ರಾತ್ರಿಯ ಲೆಕ್ಕವನ್ನು ಒಮ್ಮೆಯೂ ನೋಡಿರಲಿಲ್ಲ ಎಂಬುದು ನನ್ನನ್ನು ಚುಚ್ಚಿತು.

ಎರಡೂ ಪ್ರಶ್ನೆಗಳಿಗೆ ಒಂದೇ ಉತ್ತರ ಸಿಕ್ಕಿತು. ಪ್ರತಿ ಬಸ್ಸಿಗೂ ನಾಲ್ಕು ಅಂಕಿಯ ಒಂದು ಸಂಖ್ಯೆ, ಅದರ ಜೊತೆ ಕ್ಯೂಆರ್ ಇರುವ ಸ್ಟಿಕ್ಕರ್. ಪ್ರಯಾಣಿಕರು ಬಸ್ಸಿಗೆ ಹತ್ತಿದ ಮೇಲೆ ಅದನ್ನು ಸ್ಕ್ಯಾನ್ ಮಾಡುತ್ತಾರೆ ಅಥವಾ ಸಂಖ್ಯೆ ಒತ್ತುತ್ತಾರೆ. ಹಣ ಸಂದಾಯವಾದ ಕೂಡಲೇ ಆ ಬಸ್ಸಿನ ಟಿಕೆಟ್ ಮೆಷಿನ್ನಿಗೆ ಸುದ್ದಿ ಹೋಗಿ, ಬೀಪ್ ಆಗಿ, "ಜ್ಯೋತಿ – ತೊಕ್ಕೊಟ್ಟು – 1" ಎಂದು ಪರದೆಯಲ್ಲಿ ಬರುತ್ತದೆ. ಮೆಷಿನ್ ಅದನ್ನು ತಾನೇ ಕೊಟ್ಟ ಟಿಕೆಟ್ಟಿನ ಹಾಗೆ ಎಣಿಸುತ್ತದೆ. ರಾತ್ರಿಯ ಚೀಟಿಯಲ್ಲಿ "ನಗದು", "ಮೊಬೈಲ್", "ಒಟ್ಟು" ಎಂದು ಮೂರು ಸಾಲು ಬರುತ್ತದೆ, ಕಂಡಕ್ಟರ್‌ಗೆ ಕಮಿಷನ್ ಒಟ್ಟು ಮೊತ್ತದ ಮೇಲೆ. ಈ ಕೊನೆಯ ಮಾತನ್ನು ಮಾಲೀಕರಿಂದ ಬರಹದಲ್ಲಿ ಪಡೆದೆವು. ನೆಟ್‌ವರ್ಕ್ ಇಲ್ಲದೆ ಬೀಪ್ ಬಾರದಿದ್ದರೆ ಮಾತ್ರ ಕಂಡಕ್ಟರ್ ಪ್ರಯಾಣಿಕರ ಕ್ಯೂಆರ್ ಸ್ಕ್ಯಾನ್ ಮಾಡುತ್ತಾರೆ. ಆ ಕ್ಯೂಆರ್ ಒಳಗೆ ಡಿಜಿಟಲ್ ಸಹಿ ಇರುವುದರಿಂದ ಮೆಷಿನ್ ನೆಟ್ ಇಲ್ಲದೆಯೂ ಅದನ್ನು ಪರೀಕ್ಷಿಸುತ್ತದೆ. ಒಮ್ಮೆ ಸ್ಕ್ಯಾನ್ ಆದದ್ದು ಆ ಬಸ್ಸಿನಲ್ಲಿ ಎರಡನೇ ಸಲ ನಡೆಯುವುದಿಲ್ಲ.

ಸ್ಟಿಕ್ಕರ್‌ಗಳನ್ನು ಎರಡು ಸಲ ಮಾಡಿಸಬೇಕಾಯಿತು. ಮೊದಲು ಸೀಟಿನ ಹಿಂಭಾಗಕ್ಕೆ ಅಂಟಿಸಿದ್ದೆವು, ನಿಂತವರಿಗೆ ಕಾಣಲಿಲ್ಲ. ಸಾಧಾರಣ ಕಾಗದದ್ದಾದ್ದರಿಂದ ಒದ್ದೆ ಕೊಡೆ ತಗುಲಿ ಎರಡೇ ವಾರಕ್ಕೆ ಸುಲಿದುಹೋದವು. ಎರಡನೇ ಸಲ ಲ್ಯಾಮಿನೇಷನ್ ಮಾಡಿದ ವಿನೈಲ್ ಸ್ಟಿಕ್ಕರನ್ನು ಕಿಟಕಿಯ ಮೇಲ್ಭಾಗಕ್ಕೆ, ಬಾಗಿಲ ಬಳಿಗೆ ಹಾಕಿಸಿದೆವು.

ಡಿಸೆಂಬರ್‌ನಲ್ಲಿ ನಾಲ್ಕು ಬಸ್ಸುಗಳಲ್ಲಿ ಪ್ರಯೋಗ ಶುರುವಾಯಿತು. ಎಂಟನೇ ದಿನ ಸಂಜೆ ನಮ್ಮ ಸಹಾಯವಾಣಿಗೆ ಒಬ್ಬಳು ನರ್ಸಿಂಗ್ ವಿದ್ಯಾರ್ಥಿನಿ ಕರೆ ಮಾಡಿದಳು. ಖಾತೆಯಿಂದ ಹಣ ಹೋಗಿದೆ, ಟಿಕೆಟ್ ಬಂದಿಲ್ಲ, ಕಂಡಕ್ಟರ್ ಮತ್ತೆ ಹಣ ಕೇಳಿದರು, ಪರ್ಸಿನಲ್ಲಿ ನಗದು ಇರಲಿಲ್ಲ, ಪಕ್ಕದ ಹೆಂಗಸೊಬ್ಬರು ಕೊಟ್ಟರು. ಹೇಳುತ್ತ ಹೇಳುತ್ತ ಅವಳ ದನಿ ನಡುಗಿತು. ಎಲ್ಲರೆದುರು ಟಿಕೆಟ್ ಇಲ್ಲದವಳ ಹಾಗೆ ನಿಂತಿದ್ದೆ ಅಕ್ಕ, ಎಂದಳು. ಹದಿನೈದು ರೂಪಾಯಿಯನ್ನು ಅವತ್ತೇ ವಾಪಸು ಕಳಿಸಿದೆ. ಅವಳಿಗಾದ ಅವಮಾನವನ್ನು ವಾಪಸು ತೆಗೆದುಕೊಳ್ಳಲು ನನ್ನಿಂದ ಆಗಲಿಲ್ಲ.

ಹುಡುಕಿದಾಗ ಎರಡು ಕಾರಣ ಸಿಕ್ಕವು. ಒಂದು, ಕಡಿಮೆ ಮೆಮೊರಿಯ ಫೋನುಗಳಲ್ಲಿ ಯುಪಿಐ ಆ್ಯಪ್ ತೆರೆದುಕೊಂಡ ಕೂಡಲೇ ಫೋನು ನಮ್ಮ ಆ್ಯಪ್ಪನ್ನು ಮುಚ್ಚಿಬಿಡುತ್ತದೆ. ಹಣ ಕೊಟ್ಟು ಹಿಂದಿರುಗಿದರೆ ಮೊದಲ ಪುಟ ತೆರೆಯುತ್ತದೆ, ಟಿಕೆಟ್ ಎಲ್ಲೂ ಕಾಣುವುದಿಲ್ಲ. ಯುಪಿಐಗೆ ಕಳಿಸುವ ಮೊದಲೇ ಆರ್ಡರನ್ನು ಫೋನಿನಲ್ಲೂ ಸರ್ವರಿನಲ್ಲೂ ಬರೆದಿಟ್ಟು, ಹಿಂದಿರುಗಿದಾಗ ಅಲ್ಲಿಗೇ ಕರೆತರುವಂತೆ ಮಾಡಿದೆವು. ಎರಡನೆಯದು ಪೆಂಡಿಂಗ್. ಹಣ ಅವರ ಖಾತೆಯಿಂದ ಹೋಗಿರುತ್ತದೆ, ನಮಗೆ ಖಚಿತ ಸುದ್ದಿ ಬಂದಿರುವುದಿಲ್ಲ. ಇಂಥ ಹಣ ವ್ಯಾಪಾರಿಗೆ ಖಚಿತವಾಗದಿದ್ದರೆ ಐದು ದಿನದೊಳಗೆ ತಾನಾಗಿ ವಾಪಸಾಗಬೇಕು, ತಪ್ಪಿದರೆ ಆಮೇಲಿನ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕಿನ 2019ರ ಸುತ್ತೋಲೆ ಹೇಳುತ್ತದೆ. ಒಳ್ಳೆಯ ನಿಯಮ. ಆದರೆ ಬಸ್ಸಿನಲ್ಲಿ ನಿಂತವಳಿಗೆ ಐದು ದಿನ ಇರುವುದಿಲ್ಲ, ಮುಂದಿನ ಸ್ಟಾಪಿನವರೆಗೆ ಇರುತ್ತದೆ.

ಮಾಲೀಕರ ಬಳಿ ಹೋಗಿ ಕೇಳಿಕೊಂಡೆ: ಪೆಂಡಿಂಗ್ ಆದಾಗಲೂ ಟಿಕೆಟ್ ಕೊಟ್ಟುಬಿಡೋಣ, ಹಣ ಬಾರದೆ ಹೋದರೆ ನಷ್ಟ ನಮ್ಮ ಸಂಸ್ಥೆಯದ್ದು. ಒಬ್ಬರ ಖಾತೆಯಲ್ಲಿ ಇದು ಮತ್ತೆ ಮತ್ತೆ ಆದರೆ ಮಾತ್ರ ತಡೆಯುವುದು. ಒಪ್ಪಿದರು. ಈಗ ಅಂಥ ಟಿಕೆಟ್ ಹಳದಿ ಪಟ್ಟಿಯಲ್ಲಿ ಬರುತ್ತದೆ, ಕಂಡಕ್ಟರ್ ಮೆಷಿನ್‌ನಲ್ಲೂ ಬೀಪ್ ಆಗುತ್ತದೆ, ಪ್ರಯಾಣಿಕರು ನೆಮ್ಮದಿಯಿಂದ ಇಳಿಯುತ್ತಾರೆ. ಪೆಂಡಿಂಗ್ ಆದವುಗಳಲ್ಲಿ ಹೆಚ್ಚಿನವು ಸಂಜೆಯೊಳಗೆ ಸರಿಯಾಗುತ್ತವೆ. ಇಲ್ಲಿಯವರೆಗೆ ನಮ್ಮ ಕೈಯಿಂದ ಹೋದದ್ದು ಮುನ್ನೂರು ರೂಪಾಯಿಯೂ ಆಗಿಲ್ಲ. ತುಂಬಿದ ಬಸ್ಸಿನಲ್ಲಿ ಪಿನ್ ಒತ್ತಲು ಹಿಂಜರಿಯುವವರಿಗೆ ಯುಪಿಐ ಲೈಟ್ ಬಳಸಿ ಎಂದು ಆ್ಯಪ್‌ನಲ್ಲೇ ಹೇಳುತ್ತೇವೆ, ಸಣ್ಣ ಮೊತ್ತಕ್ಕೆ ಅದು ಪಿನ್ ಕೇಳುವುದಿಲ್ಲ.

ಪ್ಲೇ ಸ್ಟೋರ್ ಬಗ್ಗೆ ಎರಡು ಮಾತು. ನಮ್ಮ ಹಳೆಯ ಆ್ಯಪ್ ಒಬ್ಬ ಪಾಲುದಾರರ ವೈಯಕ್ತಿಕ ಖಾತೆಯಲ್ಲಿತ್ತು. ಹಣದ ವ್ಯವಹಾರ ಬಂದ ಮೇಲೆ ಸಂಸ್ಥೆಯ ಖಾತೆಯೇ ಸರಿ ಎಂದು ಬದಲಿಸಲು ಹೋದೆವು. 25 ಡಾಲರ್ ಒಂದೇ ಸಲದ ಶುಲ್ಕ, ಅದು ದೊಡ್ಡದಲ್ಲ. ಆದರೆ ಸಂಸ್ಥೆಯ ಖಾತೆಗೆ ಡನ್ಸ್ ನಂಬರ್, ಅಂದರೆ ಸಂಸ್ಥೆಗಳನ್ನು ಗುರುತಿಸುವ ಒಂದು ಅಂತಾರಾಷ್ಟ್ರೀಯ ಸಂಖ್ಯೆ, ಬೇಕು. ಅದು ಉಚಿತ, ಬರಲು ವಾರಗಳು ಹಿಡಿಯುತ್ತವೆ. ನಮ್ಮ ಪಾಲುದಾರಿಕೆ ಪತ್ರದಲ್ಲಿ ಹೆಸರಿನ ನಡುವೆ "ಅಂಡ್" ಎಂದು ಅಕ್ಷರದಲ್ಲಿ ಬರೆದಿತ್ತು, ಜಿಎಸ್‌ಟಿ ಪ್ರಮಾಣಪತ್ರದಲ್ಲಿ ಅದರ ಚಿಹ್ನೆ ಇತ್ತು. ಆ ಒಂದು ಚಿಹ್ನೆಗಾಗಿ ಅರ್ಜಿ ಎರಡು ಸಲ ಹಿಂದೆ ಬಂತು, ಐದು ವಾರ ಹೋಯಿತು. ಎಲ್ಲ ದಾಖಲೆಗಳಲ್ಲೂ ಹೆಸರು ಅಕ್ಷರ ಅಕ್ಷರಕ್ಕೆ ಒಂದೇ ಇದೆಯೇ ಎಂದು ಈಗಲೇ ತೆಗೆದು ನೋಡಿ. ಐಫೋನಿನದ್ದು ವರ್ಷಕ್ಕೆ 99 ಡಾಲರ್, ಅಲ್ಲಿಯೂ ಅದೇ ನಂಬರ್ ಬೇಕು.

ಖರ್ಚು ಕೇಳುವವರಿಗೆ: ಮೆಷಿನ್‌ನ ಸಾಫ್ಟ್‌ವೇರ್ ಬದಲಿಸಲು ಅದರ ಕಂಪನಿಗೆ ಕೊಟ್ಟದ್ದೇ ಎಲ್ಲಕ್ಕಿಂತ ದೊಡ್ಡ ಮೊತ್ತ, ನಾವು ಮೊದಲು ಹಾಕಿದ್ದ ಅಂದಾಜಿನಲ್ಲಿ ಅದು ಇರಲೇ ಇಲ್ಲ. ಲೆಕ್ಕಪರಿಶೋಧಕರ ಶುಲ್ಕ, ಎರಡು ಸಲದ ಸ್ಟಿಕ್ಕರ್, ಎಸ್‌ಎಂಎಸ್, ಸರ್ವರ್ ಎಲ್ಲ ಸೇರಿದರೂ ಅದರ ಅರ್ಧವಾಗಲಿಲ್ಲ. ಯುಪಿಐಗೆ 2020ರ ಜನವರಿಯಿಂದ ಎಂಡಿಆರ್ (ವ್ಯಾಪಾರಿಯಿಂದ ಬ್ಯಾಂಕು ಹಿಡಿದುಕೊಳ್ಳುವ ಶುಲ್ಕ) ಇಲ್ಲ ಎಂದು ಹಣ ಪಡೆಯುವ ಖರ್ಚನ್ನು ಸೊನ್ನೆ ಎಂದು ಬರೆದಿದ್ದೆವು. ಗೇಟ್‌ವೇಗಳು ತಮ್ಮ ಸೇವೆಗೆ ಬೇರೆ ಶುಲ್ಕ ಹಾಕಬಹುದು, ಒಪ್ಪಂದದ ಆ ಪುಟವನ್ನು ಓದಿ ಲೆಕ್ಕ ಹಾಕಿ.

ಇಪ್ಪತ್ತಾರರಲ್ಲಿ ಇಪ್ಪತ್ತಮೂರು ಬಸ್ಸುಗಳಲ್ಲಿ ಈಗ ಟಿಕೆಟ್ ಸಿಗುತ್ತಿದೆ. ಉಳಿದ ಮೂರರ ಮೆಷಿನ್ ಹಳೆಯದು, ಮುಂದಿನ ತಿಂಗಳು ಬದಲಾಗುತ್ತದೆ. ತೀರಿಹೋದ ತಂದೆಯ ಹೆಸರಿನಲ್ಲಿದ್ದ ಪರ್ಮಿಟ್ ಮಗನ ಹೆಸರಿಗೆ ಬಂದು, ಅವರ ಕೆವೈಸಿಯೂ ಆಯಿತು.

ಸೋಮವಾರ ತಲಪಾಡಿಯಲ್ಲಿ ಬಸ್ಸು ತಿರುಗುವಾಗ ಕಂಡಕ್ಟರ್ ಅಣ್ಣ ಮೆಷಿನ್ ನನ್ನ ಕಡೆ ಹಿಡಿದು ಟ್ರಿಪ್ಪಿನ ಲೆಕ್ಕ ತೋರಿಸಿದರು. ನಗದು, ಮೊಬೈಲ್, ಒಟ್ಟು. ಮೊಬೈಲಿನ ಎದುರು 19 ಎಂದಿತ್ತು. "ಹತ್ತೊಂಬತ್ತು ಜನಕ್ಕೆ ಚಿಲ್ಲರೆ ಕೊಡ್ಲಿಕ್ಕಿಲ್ಲ ಮೇಡಂ ಇವತ್ತು," ಎಂದು ಹೇಳಿ, ಸೀಟಿ ಬಾಯಿಗಿಟ್ಟು ಬಾಗಿಲ ಕಡೆ ನಡೆದರು. "ರೈಟ್ ಪೋಯಿ!"